ಮೆಣಸಿನಕಾಯಿಯ ಹಿಂದೆ ನಿಂತ ಗೋಧಿ

ಉಡುಮಲೈಪೇಟೆಯಲ್ಲಿ ಹಿಟ್ಟು ಬೀಸಿಸಲು ಹೋದವರು ಮೊದಲು ಕೇಳುವುದು ಕಿಲೋಗೆ ಎಷ್ಟು ಅಂತ ಅಲ್ಲ, ‘ನಮಗಿಂತ ಮೊದಲು ಏನು ಹಾಕಿದ್ರಿ?’ ಅಂತ. ಮೊದಲಿನವರದು ಅಕ್ಕಿಯೋ ರಾಗಿಯೋ ಆಗಿದ್ದರೆ ಡಬ್ಬ ಸಾಲಿಗಿಟ್ಟು ಬೆಂಚಿನ ಮೇಲೆ ಕೂರಬಹುದು. ಕಡಲೆಬೇಳೆಯಾದರೂ ಅಡ್ಡಿಯಿಲ್ಲ. ಕೊತ್ತಂಬರಿ ಬೀಜ, ಮೆಣಸಿನಕಾಯಿ ಅಂದರೆ ಮಾತ್ರ ಏನಾದರೂ ನೆವ ಹೇಳಿ, ಪಕ್ಕದಲ್ಲಿ ಜೋಳ ಹಿಡಿದು ನಿಂತವರನ್ನು ‘ನೀವು ಹಾಕ್ಕೊಳ್ಳಿ’ ಎಂದು ಮುಂದೆ ಬಿಡಬೇಕು. ಖಾರಕ್ಕೆ, ಸೀಗೆಕಾಯಿಗೆ ಬೇರೆ ಮಿಷನ್ನೇ ಇಟ್ಟಿರುವ ಮಾಲೀಕರಿದ್ದಾರೆ. ಆದರೆ ಹಬ್ಬದ ಹಿಂದಿನ ದಿನ ಯಾವ ಶಿಸ್ತೂ ಉಳಿಯುವುದಿಲ್ಲ. ಅಂಥ ಒಂದು ದಿನ ನಾನು ಕೇಳುವುದನ್ನು ಮರೆತೆ. ಸಂಜೆ ಮಾಡಿದ ತೆಂಗಿನಕಾಯಿ ಬನ್ನಿನಲ್ಲಿ ಬೆಲ್ಲ, ಏಲಕ್ಕಿ, ಅವುಗಳ ಹಿಂದೆ ನಿಧಾನವಾಗಿ ಗಂಟಲಿಗೆ ಏರುವ ಗುಂಟೂರು. ಮಕ್ಕಳು ಒಂದು ತಂಬಿಗೆ ನೀರು ಖಾಲಿ ಮಾಡಿದರು. ನಾನು ಮನೆಗೆ ಬೀಸುವ ಯಂತ್ರ ತಂದದ್ದು ಆ ಬನ್ನಿನ ದೆಸೆಯಿಂದ. ಆರೋಗ್ಯದ ಕಾಳಜಿ ಗೀಳಜಿ ಏನೂ ಇರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲೇ ಹಿಟ್ಟು ಬೀಸಿಕೊಳ್ಳುವವರ ಬಾಯಲ್ಲಿ ಇತ್ತೀಚೆಗೆ ಒಂದು ಬಗೆಯ ಧರ್ಮಪ್ರಚಾರದ ದನಿ ಬಂದಿದೆ, ಕಳೆದುಹೋದ ನಿಧಿಯನ್ನು ಅಗೆದು ತೆಗೆದವರ ಹಾಗೆ. ನಮ್ಮ ಕಡೆ ಅದು ಕಳೆದುಹೋಗಿಯೇ ಇರಲಿಲ್ಲ. ರೇಷನ್ ಗೋಧಿ ತೊಳೆದು, ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಒಣಗಿಸಿ, ಕಲ್ಲು ಆರಿಸಿ, ಮಿಷನ್ನಿಗೆ ಹೊತ್ತು, ಬಿಸಿ ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಬರುವುದು ಇವತ್ತಿಗೂ ನಡೆಯುತ್ತಿದೆ. ಹೊಸದು ಏನಾದರೂ ಇದ್ದರೆ ಅದು ಓವನ್. ಚಪಾತಿಗೆ ಎಂದೂ ತಕರಾರು ಮಾಡದ ಹಿಟ್ಟು ಬ್ರೆಡ್ಡಿಗೆ ಬಂದಾಗ ಯಾಕೆ ಮುನಿಸಿಕೊಳ್ಳುತ್ತದೆ ಎಂಬುದೇ ಈ ವಾರದ ವಿಚಾರ.

ನಮ್ಮದು ಮಗ್ಗದ ಮನೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ದೇವಾಂಗರು, ಅನುಪ್ಪರು ಹೀಗೆ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊಸಿಲಾಚೆ ತಮಿಳು ಆಡಿಕೊಂಡು ಬಂದವರು ಬಹಳ ಮಂದಿ. ಹಿಟ್ಟಿನ ಹೆಸರೂ ಹೊಸಿಲಲ್ಲಿ ಬದಲಾಗುತ್ತದೆ. ಬೀದಿಯಲ್ಲಿ ಅದು ‘ಮಾವು’, ಅಡುಗೆಮನೆಗೆ ಬಂದರೆ ನಮ್ಮ ಅತ್ತೆಯ ಬಾಯಲ್ಲಿ ‘ಇಟ್ಟು’. ಮೈಸೂರಿನಿಂದ ಬಂದ ಗೆಳೆಯನೊಬ್ಬನಿಗೆ ‘ಮಾವು ಮಿಲ್’ ಎಂಬ ಬೋರ್ಡನ್ನು ಓದಿ ಹೇಳಿದೆ. ಹಣ್ಣಿನ ರಸ ತೆಗೆಯುವ ಕಾರ್ಖಾನೆ ಇರಬೇಕೆಂದು ಅವನು ಒಳಗೆ ಇಣುಕಿ ನೋಡಿದ.

ಮಗ್ಗದ ಮನೆಯಲ್ಲಿ ಹಿಟ್ಟಿಗೆ ಎರಡು ಹೊಟ್ಟೆ, ಮನುಷ್ಯರದೊಂದು, ನೂಲಿನದೊಂದು. ಹಾಸಿನ ನೂಲು ಮಗ್ಗದ ಎಳೆತ ತಾಳಬೇಕಾದರೆ ಗಂಜಿ ಕುಡಿಯಬೇಕು. ಗಂಜಿ ತೆಳುವಾದರೆ ಎಳೆ ಹರಿಯುತ್ತದೆ, ದಪ್ಪವಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಅತ್ತೆ ಅದನ್ನು ನೋಡುತ್ತಿದ್ದದ್ದು ಹೆಬ್ಬೆರಳು, ತೋರುಬೆರಳಿನ ನಡುವೆ. ಅದೇ ಎರಡು ಬೆರಳಲ್ಲಿ ಈಗ ನನ್ನ ಗೋಧಿಹಿಟ್ಟನ್ನು ಉಜ್ಜಿ ನೋಡಿ, ‘ಇದು ದ್ವಾಸೆಗಾಯ್ತದೆ, ನಿನ್ ಬನ್ನಿಗಾಗಲ್ಲ’ ಎಂದು ತೀರ್ಪು ಕೊಡುತ್ತಾಳೆ. ಬನ್ನು ಮಾಡಿ ಗೊತ್ತಿಲ್ಲದವಳ ಈ ಮಾತು ಬಹಳ ಸಲ ನಿಜವಾಗಿದೆ.

ಗೋಧಿಯ ಕಾಳೊಂದರಲ್ಲಿ ನೂರಕ್ಕೆ ಸುಮಾರು 83 ಪಾಲು ಬಿಳಿಯ ತಿರುಳು, 14 ಪಾಲು ಹೊರಸಿಪ್ಪೆ, ಎರಡೂವರೆ ಪಾಲು ಮೊಳಕೆಯ ಕಣ್ಣು. ಜಗಳವೆಲ್ಲ ಆ ಎರಡೂವರೆ ಪಾಲಿನದು. ಎಣ್ಣೆ ಇರುವುದು ಅಲ್ಲಿ, ಪರಿಮಳ ಇರುವುದು ಅಲ್ಲಿ, ಕೆಡುವುದೂ ಅಲ್ಲಿಂದಲೇ. ಕಾಳು ಇಡಿಯಾಗಿರುವ ತನಕ ಎಣ್ಣೆಯೂ ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಕಲ್ಲು ತಿರುಗಿತೋ, ಎರಡೂ ಮುಖಾಮುಖಿ. ಅಂದಿನಿಂದ ಮುಗ್ಗಲು ವಾಸನೆಯ ಲೆಕ್ಕ ಶುರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಂಗೇರಿಯ ಬುಡಾಪೆಸ್ಟಿನ ಗಿರಣಿಗಳು ಉರುಳೆಗಳ ನಡುವೆ ಕಾಳನ್ನು ಹಂತಹಂತವಾಗಿ ಒಡೆದು, ಕಣ್ಣನ್ನೂ ಸಿಪ್ಪೆಯನ್ನೂ ಬೇರೆ ಮಾಡುವುದರಲ್ಲಿ ಕೈ ಪಳಗಿಸಿಕೊಂಡು ಹೆಸರಾದವು. ಆಮೇಲೆ ಹಿಟ್ಟು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬಲ್ಲ ಸರಕಾಯಿತು. ಮೈದಾ ಅಂದರೆ ಕಣ್ಣು ಕಿತ್ತ ಗೋಧಿ.

ಬೇಕರಿಯವರು ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ಬ್ರೆಡ್ಡಿಗೆ ತೀರಾ ಹೊಸ ಹಿಟ್ಟು ಹೊಂದುವುದಿಲ್ಲ. ಬೀಸಿದ ಹಿಟ್ಟು ಎರಡು ಮೂರು ವಾರ ಗಾಳಿಯೊಂದಿಗೆ ಒಡನಾಡಿದರೆ ಅದರ ಅಂಟು ಬಿಗಿಯಾಗುತ್ತದೆ, ನಾದಿದ್ದು ಎದ್ದು ನಿಲ್ಲುತ್ತದೆ. ಅಷ್ಟು ಕಾಯಲು ಒಲ್ಲದ ಗಿರಣಿ, ಬೇಕರಿಗಳು ಒಂದು ಕಾಲದಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಬೆರೆಸುತ್ತಿದ್ದವು. ಭಾರತದಲ್ಲಿ ಅದನ್ನು 2016ರಲ್ಲಿ ನಿಷೇಧಿಸಲಾಯಿತು. ಮೈದಾ ಕಾಯಬಹುದು, ಕಾಯಲು ಅದಕ್ಕೇನೂ ನಷ್ಟವಿಲ್ಲ. ಇಡೀ ಗೋಧಿಯ ಹಿಟ್ಟಿಗೆ ಹಾಗೆ ಕಾಯುವ ಯೋಗವಿಲ್ಲ, ಅಂಟು ಬಿಗಿಯುವಷ್ಟರಲ್ಲಿ ಎಣ್ಣೆ ಹಳಸಲು ಹಿಡಿಯುತ್ತದೆ. ಒಂದು ಕಡೆ ಹಣ್ಣಾಗುತ್ತಾ ಇನ್ನೊಂದು ಕಡೆ ಕೊಳೆಯುವ ಮಾಲು ಅದು. ಚಪಾತಿಗೆ ಈ ಪೇಚಿಲ್ಲ, ಅದು ಎದ್ದು ನಿಲ್ಲಬೇಕಾಗಿಲ್ಲವಲ್ಲ. ಅದಕ್ಕೇ ನಾನು ಮಧ್ಯದ ದಾರಿ ಬಿಟ್ಟುಬಿಟ್ಟಿದ್ದೇನೆ. ಬೆಳಿಗ್ಗೆ ಬೀಸಿದ್ದು ಸಂಜೆಯೊಳಗೆ ಓವನ್ನಿಗೆ ಹೋಗಬೇಕು, ಮಿಕ್ಕಿದ್ದು ರಾತ್ರಿಯ ಚಪಾತಿಗೆ.

ಸಡಿಲ ಅಂಟಿಗೆ ಮದ್ದು ಕೈಯಲ್ಲಿದೆ. ಮೈದಾ ನೂರು ಗ್ರಾಂಗೆ 60–65 ಮಿಲಿಲೀಟರ್ ನೀರಿಗೆ ತೃಪ್ತಿಪಟ್ಟರೆ, ಈ ಹಿಟ್ಟು 75 ಕುಡಿದು ಇನ್ನೂ ಕೇಳುತ್ತದೆ. ಸಿಪ್ಪೆ ನಿಧಾನವಾಗಿ ನೆನೆಯುವ ಜಾತಿ. ಮೊದಲ ಹತ್ತು ನಿಮಿಷ ನಾದಿದ್ದು ಕೆಸರಿನಂತೆ ಕೈಗೆ ಮೆತ್ತಿಕೊಂಡಾಗ ಒಣಹಿಟ್ಟು ಸುರಿಯುವ ಆಸೆ ತಡೆದುಕೊಳ್ಳಬೇಕು. ಉಪ್ಪು, ಯೀಸ್ಟ್ ಯಾವುದೂ ಹಾಕದೆ ಬರೀ ನೀರಲ್ಲಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಅದೇ ಕೆಸರು ಮೈ ಕೂಡಿಸಿಕೊಂಡು ಕೂತಿರುತ್ತದೆ. ಒಂದು ಚಮಚ ನಿಂಬೆರಸ ಹಾಕಿದರೆ ಅಂಟು ಇನ್ನಷ್ಟು ಬಿಗಿಯುತ್ತದೆ. ಜರಡಿ ಹಿಡಿಯಬಾರದೆಂಬ ಮಡಿ ನನಗಿಲ್ಲ. ನೂರಕ್ಕೆ ಹತ್ತು ಪಾಲು ದಪ್ಪ ಬೂಸಾ ತೆಗೆದುಬಿಡುತ್ತೇನೆ. ಅದರ ಚೂಪಾದ ಅಂಚು ಅಂಟಿನ ಎಳೆಗಳನ್ನು ಕತ್ತರಿಸುವುದು ತಪ್ಪುತ್ತದೆ. ಬೂಸಾವನ್ನು ಬಿಸಿನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಮತ್ತೆ ಸೇರಿಸುವವರೂ ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ, ನಮ್ಮ ಬೂಸಾಕ್ಕೆ ಬೇರೆ ಹಕ್ಕುದಾರರಿದ್ದಾರೆ.

ಇನ್ನು ಯಂತ್ರ. ಮಾರುಕಟ್ಟೆಯಲ್ಲಿ ಸಿಗುವ ಮನೆ ಚಕ್ಕಿಗಳಲ್ಲಿ ಹೆಚ್ಚಿನವು ಬೀಸುವುದೇ ಇಲ್ಲ, ಬಡಿಯುತ್ತವೆ. ಉಕ್ಕಿನ ಪೆಟ್ಟಿಗೆಯೊಳಗೆ ಅಲಗುಗಳು ಗಿರ್ರನೆ ತಿರುಗಿ ಕಾಳನ್ನು ಪುಡಿಗಟ್ಟಿ ಜಾಲರಿಯ ಮೂಲಕ ಹೊರದಬ್ಬುತ್ತವೆ. ನುಣುಪಿಗೊಂದು ಜಾಲರಿ, ರವೆಗೊಂದು. ಒಂದು ಅಶ್ವಶಕ್ತಿಯ ಮೋಟಾರಿಗೆ ಗಂಟೆಗೆ ಏಳೆಂಟು ಕಿಲೋ. ಬಳಸಲು ಸುಲಭ, ಒರೆಸಲು ಸುಲಭ, ಅಕ್ಕಿ ರೊಟ್ಟಿಗೆ ಬಲು ಚೆಂದ. ಎರಡನೆಯದು ನಿಜವಾದ ಕಲ್ಲಿನದು. ಎರಡು ಗಾಲಿಗಳ ನಡುವಿನ ಸಂದನ್ನು ತಿರುಪಿನಿಂದ ಹೊಂದಿಸಿಕೊಳ್ಳಬಹುದು. ನನ್ನ ಆಯ್ಕೆ ಇದು. ಅಲಗಿನ ಹಿಟ್ಟು ಎಷ್ಟು ನುಣುಪಾದರೂ ಬೆರಳಿಗೆ ಒಂದು ಬಗೆಯ ಮರಳು ಮರಳು. ಕಲ್ಲಿನದು ತಿಕ್ಕಿ ತೀಡಿ ಬಂದದ್ದು, ಸಿಪ್ಪೆ ಚಪ್ಪಟೆಯಾಗಿ ಅಗಲವಾಗಿ ಉಳಿಯುವುದರಿಂದ ಜರಡಿಗೆ ಸುಲಭವಾಗಿ ಸಿಗುತ್ತದೆ. ಆದರೆ ಕಲ್ಲಿಗೆ ಸೋಮಾರಿಗಳನ್ನು ಕಂಡರೆ ಆಗದು. ಗೋಧಿ ಸರಿಯಾಗಿ ಒಣಗಿರದಿದ್ದರೆ ಹಿಟ್ಟು ಕಲ್ಲಿಗೆ ಮೆತ್ತಿ ಗಾಜಿನ ಹೊಳಪು ಬರುತ್ತದೆ. ಆಗ ಒಣ ಅಕ್ಕಿ ಹಾಕಿ ಒರಟಾಗಿ ಬೀಸಿ ಉಜ್ಜಿ ತೆಗೆಯಬೇಕು. ಒಣಗಿದೆಯೋ ಇಲ್ಲವೋ ನೋಡಲು ಕಾಳನ್ನು ಹಲ್ಲಿನಲ್ಲಿ ಕಡಿಯಿರಿ, ‘ಕಟ್’ ಎನ್ನಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಬೀಸಿದ ಮೇಲೆ ಬಿಸಿ ಆರುವ ತನಕ ಡಬ್ಬದ ಮುಚ್ಚಳ ಹಾಕಬೇಡಿ, ಒಳಗೆ ಬೆವರುತ್ತದೆ.

ಕಲ್ಲು ಮತ್ತು ಮೋಟಾರಿನ ನಂಟು ಕಟ್ಟಲು ಇದಕ್ಕಿಂತ ಒಳ್ಳೆಯ ಸೀಮೆ ಬೇರೆ ಇಲ್ಲ. 1932ರಲ್ಲಿ ನೀಲಗಿರಿಯ ಪೈಕಾರಾದ ವಿದ್ಯುತ್ತು ಹುಟ್ಟಿತು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಕೊಯಮತ್ತೂರಿನಲ್ಲಿ ದೇಶದ ಮೊದಲ ವಿದ್ಯುತ್ ಮೋಟಾರು ತಯಾರಿಸಿದರು. 1955ರಲ್ಲಿ ಅದೇ ಊರಿನ ಪಿ. ಸಭಾಪತಿ ಒರಳುಕಲ್ಲಿಗೆ ಮೋಟಾರು ಕಟ್ಟಿ ವೆಟ್ ಗ್ರೈಂಡರ್ ಮಾಡಿದರು. ಮುಂದೆ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಇಡ್ಲಿಗೆ ಇಷ್ಟೆಲ್ಲ ಮಾಡಿದ ಊರು ಒಣಹಿಟ್ಟನ್ನು ಮಾತ್ರ ಬೀದಿಯ ಮಿಷನ್ನಿಗೇ ಬಿಟ್ಟುಕೊಟ್ಟಿತು. ಅದಕ್ಕೆ ಕಾರಣವಿದೆ. ರುಬ್ಬಿದ ಹಿಟ್ಟು ನಾಳೆಗೇ ಹುಳಿಯಾಗುತ್ತದೆ, ಮನೆಯಲ್ಲೇ ರುಬ್ಬಬೇಕು. ಬೀಸಿದ ಹಿಟ್ಟು ತಿಂಗಳಿರುತ್ತದೆ ಎಂಬ ಭ್ರಮೆ ಎಲ್ಲರಿಗೂ.

ಆಡಿ ತಿಂಗಳ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂದು ತಮಿಳು ಗಾದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆ ಗಾಳಿ ಎಂಥದೆಂದು ತಿಳಿಯಬೇಕಾದರೆ ಜುಲೈ ತಿಂಗಳಲ್ಲಿ ನಮ್ಮ ಮಾಳಿಗೆಯ ಮೇಲೆ ಗೋಧಿ ಒಣಹಾಕಿ ನೋಡಿ. ಹಾರಿದ್ದು ಅಮ್ಮಿಯಲ್ಲ, ಎರಡು ಕಿಲೋ ಗೋಧಿ ಮತ್ತು ಅದರಡಿಯ ಸೀರೆ. ಉಡುಮಲೈಯಿಂದ ಗುಡಿಮಂಗಲದ ಕಡೆ ಹೋದರೆ ದಾರಿಯುದ್ದಕ್ಕೂ ಗಾಳಿಯಂತ್ರಗಳು. ತಮಿಳಿನಲ್ಲಿ ಅದು ‘ಕಾಟ್ರಾಲೈ’. ಆ ‘ಆಲೈ’ ನಮ್ಮ ಆಲೆಮನೆಯ ‘ಆಲೆ’ಯೇ. ಸಾಲುಸಾಲು ಆಲೆ ನಿಂತಿವೆ, ಒಂದರಲ್ಲೂ ಹಿಡಿ ಕಾಳು ಬೀಳುವುದಿಲ್ಲ. ಅವು ಹುಟ್ಟಿಸಿದ ಕರೆಂಟು ಎಲ್ಲೆಲ್ಲೋ ಸುತ್ತಿ ಬಂದು ನನ್ನ ಅಡುಗೆಮನೆಯ ಕಲ್ಲು ತಿರುಗಿಸುತ್ತಿರಬಹುದು ಎಂದುಕೊಂಡು ಸಮಾಧಾನಪಡುತ್ತೇನೆ.

ಯಾವ ಗೋಧಿ? ಅಂಗಡಿಯಲ್ಲಿ ಹಿಟ್ಟು ಕೊಳ್ಳುವವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮನೆಯಲ್ಲಿ ಬೀಸುವುದರ ನಿಜವಾದ ಸುಖ ನನ್ನ ಮಟ್ಟಿಗೆ ಇದು. ಮಧ್ಯಪ್ರದೇಶದ ಶರಬತಿ ಬೀಸುವಾಗ ಜೇನಿನಂಥ ಸಿಹಿ ವಾಸನೆ ಬರುತ್ತದೆ. ರೇಷನ್ ಗೋಧಿಯ ವಾಸನೆ ತಿಂಗಳಿಗೊಂದು ಬಗೆ, ಒಮ್ಮೊಮ್ಮೆ ಬರೀ ಗೋಣಿಚೀಲದ್ದು. ಸಂಬಾ ಗೋಧಿಯದೇ ಬೇರೆ ಕುಲ. ಉತ್ತರ ಕರ್ನಾಟಕದವರು ಮಾದಲಿಗೆ, ಹುಗ್ಗಿಗೆ ಆರಿಸಿಕೊಳ್ಳುವ ಜವೆ ಗೋಧಿ, ಮರಾಠಿಯವರ ಖಪ್ಲಿ, ಇದರ ದಾಯಾದಿಗಳು. ನಮಗೆ ಎದುರಿಗೆ ಕಾಣುವ ಬೆಟ್ಟ ಆನೆಮಲೆಯದು, ಅದರಾಚೆ ವಾಯವ್ಯಕ್ಕೆ ನೀಲಗಿರಿ. ಅಲ್ಲಿಯ ವೆಲ್ಲಿಂಗ್ಟನ್ನಿನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1954ರಿಂದ ಗೋಧಿಯ ಕೇಂದ್ರವೊಂದನ್ನು ನಡೆಸುತ್ತಿದೆ. ಗೋಧಿಯನ್ನು ಕಾಡುವ ತುಕ್ಕು ರೋಗ ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಸತ್ತರೂ ತಣ್ಣನೆಯ ಬೆಟ್ಟಗಳಲ್ಲಿ ಬದುಕಿಕೊಂಡು ಮರುವರ್ಷ ಗಾಳಿ ಹಿಡಿದು ಇಳಿಯುತ್ತದೆ ಎಂದು ಕೆ.ಸಿ. ಮೆಹ್ತಾ ತೋರಿಸಿಕೊಟ್ಟಿದ್ದರು. ಆ ರೋಗದ ಬೆನ್ನು ಹತ್ತಲು ಕಟ್ಟಿದ ಕೇಂದ್ರವೇ ‘ನೀಲಗಿರಿ ಖಪ್ಲಿ’ ಎಂಬ ತಳಿಯನ್ನೂ ಕೊಟ್ಟಿತು. ಖಪ್ಲಿಯ ಗಟ್ಟಿತನ ಅಮೆರಿಕದವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಅಲ್ಲಿ ತುಕ್ಕು ರೋಗದ ಒಳಬಗೆಗಳನ್ನು ಗುರುತಿಸಲು ಸ್ಟಾಕ್‌ಮನ್ ಮತ್ತು ಸಂಗಡಿಗರು ಆರಿಸಿಕೊಂಡ 12 ಗೋಧಿಗಳಲ್ಲಿ ಖಪ್ಲಿಯೂ ಒಂದು.

ಹೊಲದಲ್ಲಿ ಅಷ್ಟು ಗಟ್ಟಿಗನಾದರೂ ಬನ್ನಿನಲ್ಲಿ ಅದು ದುರ್ಬಲ. ಅಂಟು ಇದೆ, ಆದರೆ ಹಿಡಿತವಿಲ್ಲ. ಉಬ್ಬಿ ಹಾಗೇ ಕುಸಿಯುತ್ತದೆ. ಅಂಟಿಲ್ಲದ ಗೋಧಿ ಎಂದು ಇದನ್ನು ಮಾರುವವರ ಮಾತು ನಂಬಿ ಗ್ಲೂಟೆನ್ ಒಗ್ಗದವರು ತಿನ್ನಲು ಹೋಗಬಾರದು. ಬೆಣ್ಣೆ ಬಿಸ್ಕತ್ತಿಗೆ ಮಾತ್ರ ನನ್ನ ಮನೆಯಲ್ಲಿ ಬೇರೆ ಗೋಧಿ ಇಲ್ಲ. ಬಿಸ್ಕತ್ತಿಗೆ ಹಿಡಿತವೇ ಶತ್ರು. ಬಾಯಲ್ಲಿ ಕರಗುವಾಗ ಹುರಿಗಡಲೆಯ ನೆನಪು ತರುತ್ತದೆ.

ಬನ್ನಿಗೆ ಶರಬತಿ. ಬೀಸಿ ಜರಡಿ ಹಿಡಿದ ಅರ್ಧ ಕಿಲೋ ಹಿಟ್ಟಿಗೆ ಹಾಲು ನೀರು ಕೂಡಿ 375 ಮಿಲಿಲೀಟರ್, ಯೀಸ್ಟ್ 5 ಗ್ರಾಂ, ಉಪ್ಪು 8, ಬೆಣ್ಣೆ 40. ಬೆಂಗಳೂರಿನವರು ದಿಲ್‌ಪಸಂದ್ ಎನ್ನುವುದರ ಸೋದರನೇ ನಮ್ಮ ತೇಂಗಾ ಬನ್. ಉಡುಮಲೈಯ ತೆಂಗಿಗೆ ಬರವಿಲ್ಲ, ಅಮರಾವತಿ ಬಯಲಿನ ಕಬ್ಬಿನ ಬೆಲ್ಲಕ್ಕೂ ಇಲ್ಲ. ಬೇಕರಿಯವರು ಹಾಕುವ ಬಣ್ಣದ ಟೂಟಿ ಫ್ರೂಟಿ ಬಿಟ್ಟು ಹುರಿದ ಎಳ್ಳು ಹಾಕುತ್ತೇನೆ. ಮಕ್ಕಳು ಇದನ್ನು ಇನ್ನೂ ಕ್ಷಮಿಸಿಲ್ಲ. ಎಚ್ಚರ ಬೇಕಾದದ್ದು ಹುದುಗಿನಲ್ಲಿ. ಹೊಸ ಹಿಟ್ಟಿನಲ್ಲಿ ಕಿಣ್ವಗಳು ಚುರುಕು, ನಮ್ಮ ಸೆಕೆಯೂ ಜೊತೆಗೂಡಿದರೆ ಮೈದಾಕ್ಕೆ ಎರಡು ಗಂಟೆ ಹಿಡಿಯುವ ಕೆಲಸ ಒಂದರೊಳಗೆ ಮುಗಿಯುತ್ತದೆ. ಎರಡು ಪಟ್ಟು ಆಗಲಿ ಎಂದು ಕಾಯಬೇಡಿ, ಒಂದೂವರೆ ಪಟ್ಟಿಗೇ ತೆಗೆದು ಹೂರಣ ತುಂಬಿಬಿಡಿ. ಹೋದ ಭಾನುವಾರ ಫೋನಿನಲ್ಲಿ ಮಾತಾಡುತ್ತಾ ಇಪ್ಪತ್ತು ನಿಮಿಷ ಹೆಚ್ಚು ಬಿಟ್ಟೆ. ಬನ್ನು ತಟ್ಟೆಯಾಗಿ ಹೊರಬಂತು.

ಅತ್ತೆ ಒಂದನ್ನು ಮುರಿದು, ಒಳಗಿನ ಮೆದುವನ್ನು ಎರಡು ಬೆರಳ ನಡುವೆ ಹಿಸುಕಿ, ಮೂಸಿ ನೋಡಿ ಬಾಯಿಗೆ ಹಾಕಿಕೊಂಡಳು. ‘ಇಟ್ಟು ಸಂದಾಗದೆ ಅಪ್ಪಾ’ ಎಂದಳು, ಬನ್ನಿನ ಮಾತೆತ್ತದೆ. ಆಮೇಲೆ ಜರಡಿಯಲ್ಲಿ ಉಳಿದಿದ್ದ ಬೂಸಾವನ್ನು ಬೊಗಸೆಯಲ್ಲಿ ತುಂಬಿಕೊಂಡು, ಪಕ್ಕದ ಮನೆಯ ಎಮ್ಮೆಗೆ ಹಾಕಲು ಹಿತ್ತಲ ಕಡೆ ನಡೆದಳು.