ನಿಂಬೆಕುಲದ ವಂಶಾವಳಿ ಮತ್ತು ಆಣವಿಕ ಸಾಕ್ಷ್ಯ

ಲಿಖಿತ ಆಕರಗಳು ಮೌನವಾಗಿರುವ ಕಾಲವನ್ನು ಕುರಿತು ಬರೆಯುವಾಗ ಗಿಡಮರಗಳ ಸಾಕ್ಷ್ಯವೂ ಚರಿತ್ರಕಾರನಿಗೆ ಗ್ರಾಹ್ಯವಾಗುತ್ತದೆ. ಮಾದಲ, ಚಕ್ಕೋತ, ಕಿತ್ತಳೆ, ನಿಂಬೆಗಳ ಕುಲವನ್ನು ಕುರಿತು ವು, ಟಲೋನ್ ಮೊದಲಾದವರು 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಈ ಕುಲದ ಜಾತಿಗಳು ಎಷ್ಟೆಂಬುದರಲ್ಲಿ ಹಿಂದಿನ ವಿದ್ವಾಂಸರಿಗೆ ಒಮ್ಮತವಿರಲಿಲ್ಲ. ಸ್ವಿಂಗಲ್ 16 ಎಂದರು; ತನಾಕ 162ರವರೆಗೆ ಎಣಿಸಿದರು. ಎಲೆ, ಹೂ, ಹಣ್ಣುಗಳ ಹೊರರೂಪವನ್ನೇ ಹೆಚ್ಚಾಗಿ ನೆಚ್ಚಿದುದರ ಫಲವಿದು. ಡಿ.ಎನ್.ಎ.ಯಲ್ಲಿ ತಳಿಯಿಂದ ತಳಿಗೆ ಭೇದಗೊಳ್ಳುವ ಆಣವಿಕ ಗುರುತುಗಳು ಈ ವ್ಯಾಜ್ಯವನ್ನು ಬಹುಮಟ್ಟಿಗೆ ಪರಿಹರಿಸಿವೆ. ಹುಳಿಕಿತ್ತಳೆಯು ಚಕ್ಕೋತಕ್ಕೂ, ಕೊಡಗಿನ ಕಿತ್ತಳೆ ಸೇರಿರುವ ಮ್ಯಾಂಡರಿನ್ ಬಳಗಕ್ಕೂ ಹುಟ್ಟಿದುದು. ಆ ಹುಳಿಕಿತ್ತಳೆಗೂ ಮಾದಲಕ್ಕೂ ಹುಟ್ಟಿದುದು ಲೆಮನ್. ತಾಯಿಯ ಕಡೆಯಿಂದ ಬರುವ ಕ್ಲೋರೊಪ್ಲಾಸ್ಟಿನ ಡಿ.ಎನ್.ಎ. ಹುಳಿಕಿತ್ತಳೆಗೆ ಚಕ್ಕೋತವೇ ತಾಯಿಯೆಂದು ಸಾರುತ್ತದೆ. ಲೇಖಕರು 60 ಮಾದರಿಗಳನ್ನು ಪರೀಕ್ಷಿಸಿ 10 ಮೂಲಜಾತಿಗಳನ್ನು ನಿರ್ಣಯಿಸಿರುವುದು ಶ್ಲಾಘ್ಯವಾದ ಕಾರ್ಯ.

ಇಂತಹ ಸಂಶೋಧನೆಗಳಿಂದ ದೊರೆಯುವ ಇನ್ನೊಂದು ಪಾಠವೂ ಗಮನಾರ್ಹವಾದುದು. ಮೂಸಂಬಿ, ಸಾತಗುಡಿ, ವೇಲೆನ್ಸಿಯ ಎಂಬ ಬೇರೆ ಬೇರೆ ಹೆಸರುಗಳುಳ್ಳ ಸಿಹಿಕಿತ್ತಳೆಗಳೆಲ್ಲವೂ ವಸ್ತುತಃ ಒಂದೇ ಸಂಕರದ ಸಂತಾನ. ಕಸಿಯಿಂದಲೂ, ತಾಯಿಯ ಪ್ರತಿರೂಪವೇ ಆದ ಬೀಜಸಸಿಗಳಿಂದಲೂ ಹಬ್ಬಿ, ನಡುವೆ ಒದಗಿದ ಅಲ್ಪ ವ್ಯತ್ಯಯಗಳಿಂದ ಅವು ಭಿನ್ನವಾಗಿ ತೋರುತ್ತವೆ. ಹೆಸರುಗಳ ಬಾಹುಳ್ಯವನ್ನು ವಂಶವೈವಿಧ್ಯವೆಂದು ತಿಳಿಯುವುದು ಅಪಾಯಕರ. ಗ್ರೀನಿಂಗ್ ರೋಗ ಬಂದಾಗ ಈ ಹೆಸರುಗಳಲ್ಲಿ ಯಾವುದೂ ತೋಟಕ್ಕೆ ರಕ್ಷಣೆಯಾಗುವುದಿಲ್ಲ.

ಆದರೆ ಜನ್ಮಸ್ಥಾನದ ನಿರ್ಣಯವು ಇಷ್ಟು ದೃಢವಾಗಿದೆಯೆನ್ನಲು ನಮಗೆ ಸಾಧ್ಯವಿಲ್ಲ. ಅಸ್ಸಾಮಿನ ಪೂರ್ವಭಾಗ, ಉತ್ತರ ಮಯನ್ಮಾರ್, ಪಶ್ಚಿಮ ಯುನ್ನಾನ್‌ಗಳನ್ನೊಳಗೊಂಡ ಹಿಮಾಲಯದ ಆಗ್ನೇಯ ತಪ್ಪಲನ್ನು ಲೇಖಕರು ತವರೆಂದಿದ್ದಾರೆ. 2023ರಲ್ಲಿ 'ನೇಚರ್ ಜೆನೆಟಿಕ್ಸ್' ಪ್ರಕಟಿಸಿದ ಮತ್ತೊಂದು ಪ್ರಬಂಧವು ಇದೇ ಬಗೆಯ ಸಾಕ್ಷ್ಯದಿಂದ ಚೀನದ ದಕ್ಷಿಣಮಧ್ಯ ಭಾಗವನ್ನು ಎತ್ತಿಹಿಡಿಯಿತು. ಗುರುತುಗಳು ತಾಯಿತಂದೆಗಳನ್ನು ಹೇಳುತ್ತವೆ; ಊರನ್ನು ಹೇಳುವವರು ವಿದ್ವಾಂಸರು. ಇಂದಿನ ಗಿಡಗಳ ಹರವು, ದೊರೆತ ಪಳೆಯುಳಿಕೆ, ಆಯ್ದ ಮಾದರಿಗಳು ಇವೇ ಅವರ ಊಹೆಗೆ ಆಧಾರ. ಅಸ್ಸಾಮಿಗೆ ಹೊಂದಿಕೊಂಡಿರುವ ಮೇಘಾಲಯದ ಗಾರೋ ಬೆಟ್ಟಗಳ ಕಾಡುಕಿತ್ತಳೆಯು ಆ 10ರ ಪಟ್ಟಿಯಲ್ಲಿ ಇಲ್ಲದಿರುವುದು ಈ ದೃಷ್ಟಿಯಿಂದ ಚಿಂತನೀಯ.

ಆ ಕಾಡುಕಿತ್ತಳೆಯ ನೆಲೆಯಾದ ನೋಕ್ರೆಕ್ 1988ರಲ್ಲಿ ಜೀವಗೋಳ ಮೀಸಲು ಪ್ರದೇಶವಾಯಿತು. ಅಂತಹ ಕಾಡುಗಳು ಈ ಕುಲದ ಮೂಲ ಕಡತಗಳು. ಓದುವ ಮೊದಲೇ ಕಡತ ನಾಶವಾದರೆ, ಪರೀಕ್ಷಾವಿಧಾನವು ಎಷ್ಟೇ ಸೂಕ್ಷ್ಮವಾಗಿದ್ದರೂ ಕಳೆದುಹೋದ ಪುಟವನ್ನು ಅದು ತುಂಬಿಕೊಡಲಾರದೆಂಬುದೇ ನಮ್ಮ ಅಭಿಪ್ರಾಯ.