ಮೂಲೆಯಲ್ಲಿ ಸಿಗುವ ಕಲಾವಿದ

ಹ್ಯೂಸ್ಟನ್ ಬಳಿಯ ಸ್ಟಾಫರ್ಡ್‌ನ ಸ್ವಾಮಿನಾರಾಯಣ ಮಂದಿರಕ್ಕೆ ಮೊದಲ ಸಲ ಹೋದವರು ಕಂಬದ ಮುಂದೆ ನಿಂತು ‘ಅಬ್ಬಾ, ಎಂಥ ಕೆತ್ತನೆ!’ ಎನ್ನುತ್ತಾರೆ, ಆಮೇಲೆ ಮುಂದೆ ನಡೆಯುತ್ತಾರೆ. ಬೆರಗು ಒಳ್ಳೆಯದೇ. ಆದರೆ ಅದು ಅಲ್ಲಿಗೇ ನಿಂತರೆ ಆ ಕಂಬದಲ್ಲಿರುವುದರ ಕಾಲುಭಾಗವೂ ನಮಗೆ ದಕ್ಕುವುದಿಲ್ಲ. ಮೂರ್ತಿಗೆ ಕಥೆಯಿದೆ, ಗುರುತು ಹಿಡಿಯುತ್ತೇವೆ. ಕಥೆಯಿಲ್ಲದ ಬಳ್ಳಿ, ಸುರುಳಿ, ಚೌಕಳಿಗಳನ್ನು ಮಾತ್ರ ಅಲಂಕಾರ ಎಂದು ಬದಿಗಿಡುತ್ತೇವೆ. ಅವುಗಳನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್ ಕಡೆ ನೆಲೆಸಿರುವ ಕನ್ನಡಿಗರಿಗೆ ಅದನ್ನು ಕಲಿಯಲು ಬೇಕಾದದ್ದು ಹತ್ತಿರದಲ್ಲೇ ಇದೆ. ಅರ್ಧ ಪಾಠವಂತೂ ಊರಿನ ಮನೆಯಂಗಳದಲ್ಲೇ ಆಗಿದೆ.

ಮೂರು ಪ್ರಶ್ನೆ

ಕಲ್ಲಾಗಲಿ, ಬಟ್ಟೆಯಾಗಲಿ, ಗಾಜಾಗಲಿ, ವಿನ್ಯಾಸದ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮತ್ತೆ ಮತ್ತೆ ಬರುವ ತುಣುಕು ಯಾವುದು? ಅದು ಹೇಗೆ ಸಾಗುತ್ತದೆ: ಪಕ್ಕಕ್ಕೆ ಸರಿಯುತ್ತದೋ, ಕನ್ನಡಿಯಲ್ಲಿ ಕಂಡ ಹಾಗೆ ಮಗುಚುತ್ತದೋ, ಒಂದು ಬಿಂದುವಿನ ಸುತ್ತ ತಿರುಗುತ್ತದೋ? ಕೊನೆಯದಾಗಿ, ಜಾಗ ಮುಗಿದಾಗ, ಅಂದರೆ ಅಂಚಿನಲ್ಲಿ, ಮೂಲೆಯಲ್ಲಿ, ಏನಾಗುತ್ತದೆ?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಲೆಕ್ಕದಲ್ಲಿದೆ. ಲೆಕ್ಕ ತಿಳಿದರೆ ಯಾರು ಬೇಕಾದರೂ ಮುಂದುವರಿಸಬಹುದು, ಯಂತ್ರ ಕೂಡ. ಮೂಲೆಗೆ ಬಂದಾಗ ಮಾತ್ರ ಲೆಕ್ಕ ಸಾಲದು. ಮುರಿಯಬೇಕೋ, ತಿರುಗಿಸಬೇಕೋ, ಹೊಸದೊಂದನ್ನು ಕೂರಿಸಬೇಕೋ ಎಂದು ಮಾಡುವವರೇ ತೀರ್ಮಾನಿಸಬೇಕು. ವಿನ್ಯಾಸದಲ್ಲಿ ಕಲಾವಿದರನ್ನು ಕಾಣಬೇಕಾದರೆ ಮೂಲೆ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಚುಕ್ಕಿ

ರಂಗೋಲಿಯಿಂದ ಶುರು ಮಾಡಿ. 7ರಿಂದ 4ರವರೆಗಿನ ಸಂದು ಚುಕ್ಕಿ ಇಡಿ: ನಡುಸಾಲಿನಲ್ಲಿ 7, ಅದರ ಮೇಲೂ ಕೆಳಗೂ ಸಂದಿಗೆ ಸರಿಯಾಗಿ 6, 5, 4. ಒಟ್ಟು 37 ಚುಕ್ಕಿ, ಹೊರಗೆ ಆರು ಮೂಲೆ. ಚುಕ್ಕಿ ಸಂದಿಯಲ್ಲಿ ಬಿದ್ದದ್ದರಿಂದಲೇ ಆರು ಎಸಳಿನ ಹೂವು, ಆರು ಮೂಲೆಯ ನಕ್ಷತ್ರ ಇಲ್ಲಿ ಸಲೀಸಾಗಿ ಕೂರುತ್ತವೆ. ಅದೇ 7 ಚುಕ್ಕಿ 7 ಸಾಲು ನೇರವಾಗಿ ಇಟ್ಟರೆ ಚೌಕ, ಕಮಲ, ದೀಪಗಳು ನಾಲ್ಕು ದಿಕ್ಕಿಗೆ ಅರಳುತ್ತವೆ. ಎಳೆ ಎಳೆಯುವ ಮೊದಲೇ ಚಿತ್ರದ ಸ್ವಭಾವ ತೀರ್ಮಾನವಾಗಿರುತ್ತದೆ.

ಬಳ್ಳಿ ರಂಗೋಲಿಯಲ್ಲಿ ಎಳೆ ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಹರಿಯುತ್ತದೆ. ಅಂಚಿನ ಚುಕ್ಕಿಯ ಬಳಿ ಅದು ಹೇಗೆ ಬಳಸಿಕೊಂಡು ಹಿಂದಿರುಗುತ್ತದೆ ಎಂದು ಬೆರಳಾಡಿಸಿ ನೋಡಿ. ಹೊಸಬರ ಕೈ ತಡವರಿಸುವುದೂ ಪಳಗಿದವರ ಕೈ ಸರಾಗವಾಗಿ ತಿರುಗುವುದೂ ಅಲ್ಲೇ.

ದಾರ

ಮನೆಯಲ್ಲಿ ಕಸೂತಿ ಹಾಕಿದ ಇಳಕಲ್ ಸೀರೆ ಇದ್ದರೆ ಬೆಳಕಿಗೆ ಹಿಡಿಯಿರಿ. ಧಾರವಾಡ ಸೀಮೆಯ ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲೇ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವುದಿಲ್ಲ. ಹಾಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮ ಕಾಣುತ್ತವೆ.

ಈಗ ಸೆರಗಿನ ಆನೆಯ ಬೆನ್ನು ನೋಡಿ: ದುಂಡಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ಎಳೆ ಎಣಿಸುವ ಸೂಜಿಗೆ ನೇರ ಅಥವಾ ಓರೆಯಾಗಿ ಹೋಗುವುದಷ್ಟೇ ಸಾಧ್ಯ, ಬಾಗುವುದು ಸಾಧ್ಯವಿಲ್ಲ. ಗೋಪುರ, ತೇರು, ತುಳಸಿಕಟ್ಟೆ ಕಸೂತಿಗೆ ಇಷ್ಟು ಒಗ್ಗಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಅವುಗಳ ಆಕಾರವೇ ಮೆಟ್ಟಿಲು ಮೆಟ್ಟಿಲಾದದ್ದು. ರಂಗೋಲಿಯ ಬೆರಳು ಒಲಿಸಿಕೊಂಡ ಬಳುಕನ್ನು ದಾರ ಒಪ್ಪುವುದಿಲ್ಲ. ದಾರ ಕೊಡುವ ಬಿಗಿ ರಂಗೋಲಿಯ ಪುಡಿಗೆ ಸಿಗುವುದಿಲ್ಲ. ಒಂದೇ ವಿನ್ಯಾಸವನ್ನು ಎರಡು ಮಾಧ್ಯಮದಲ್ಲಿ ಅಕ್ಕಪಕ್ಕ ಇಟ್ಟು ನೋಡುವುದರ ಲಾಭ ಇದು.

ಕಲ್ಲು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದಲ್ಲಿ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಮಕರ, ಹಂಸ. ದೂರದಿಂದ ನೋಡಿದರೆ ಒಂದೇ ಆನೆ ನೂರಾರು ಸಲ ಬಂದ ಹಾಗಿದೆ. ಹತ್ತಿರ ಹೋದರೆ ಒಂದರ ಸೊಂಡಿಲು ಮಡಿಸಿದೆ, ಇನ್ನೊಂದರದು ಇಳಿಬಿದ್ದಿದೆ. ನಿಯಮ ಸಾಲಿನದು, ಸ್ವಾತಂತ್ರ್ಯ ಆನೆಯದು. ನುಣುಪಾದ ಬಳಪದ ಕಲ್ಲು ಇಷ್ಟು ಸೂಕ್ಷ್ಮ ಕೆತ್ತನೆಗೆ ಒಗ್ಗಿತು. ಗೋಡೆ ಕೋನ ಕೋನವಾಗಿ ಮುರಿಯುತ್ತ ಹೋಗುವುದರಿಂದ ಪ್ರತಿ ಪಟ್ಟಿಯೂ ಮತ್ತೆ ಮತ್ತೆ ಮೂಲೆ ದಾಟಬೇಕು. ಮುಂದಿನ ಸಲ ಊರಿಗೆ ಹೋದಾಗ ಬಳ್ಳಿಯ ಪಟ್ಟಿಯೊಂದನ್ನೇ ಹಿಡಿದು ಮೂರು ಮೂಲೆ ದಾಟಿ ನೋಡಿ.

ಅಲ್ಲಿಯವರೆಗೆ ಸ್ಟಾಫರ್ಡ್ ಇದೆ. 2004ರಲ್ಲಿ ಲೋಕಾರ್ಪಣೆಯಾದ ಈ ಮಂದಿರದ 33,000ಕ್ಕೂ ಹೆಚ್ಚು ಕಲ್ಲಿನ ತುಂಡುಗಳು ಭಾರತದಲ್ಲಿ ಕೆತ್ತಿಸಿಕೊಂಡು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದವು. ಹೊರಗೆ ಟರ್ಕಿಯ ಸುಣ್ಣದಕಲ್ಲು, ಒಳಗೆ ಇಟಲಿಯ ಅಮೃತಶಿಲೆ. ಹೊರಗಿನ ಕಲ್ಲನ್ನು ಬಿಸಿಲು ಓರೆಯಾಗಿ ಬೀಳುವ ಸಂಜೆ ನೋಡಿ. ಉಬ್ಬುಕೆತ್ತನೆಗೆ ನೆರಳೇ ಗೆರೆ. ಒಳಗೆ ಹೋದ ಮೇಲೆ ತಲೆಯೆತ್ತಿ. ಪಶ್ಚಿಮ ಭಾರತದ ಈ ಶೈಲಿಯಲ್ಲಿ ಚೌಕಾಕಾರದ ಅಂಕಣದ ಮೇಲೆ ದುಂಡನೆಯ ಗುಮ್ಮಟ ಕೂರಿಸಬೇಕು. ಚೌಕ ಎಂಟು ಮೂಲೆಯಾಗಿ, ಎಂಟು ಮೂಲೆ ವೃತ್ತವಾಗುವ ಜಾಗ ಯಾವುದು, ನಡುವೆ ಉಳಿದ ತ್ರಿಕೋನಗಳನ್ನು ಶಿಲ್ಪಿ ಏನು ಮಾಡಿದ್ದಾನೆ ಎಂದು ಹುಡುಕಿ. ಮೂರನೆಯ ಪ್ರಶ್ನೆಗೆ ಕಲ್ಲು ಕೊಡುವ ಉತ್ತರ ಅಲ್ಲಿದೆ.

ತುಂಡು ಬಟ್ಟೆ

ಹ್ಯೂಸ್ಟನ್‌ನ ಜಾರ್ಜ್ ಆರ್. ಬ್ರೌನ್ ಕನ್ವೆನ್ಷನ್ ಸೆಂಟರ್‌ನಲ್ಲಿ ಶರತ್ಕಾಲದಲ್ಲಿ ನಡೆಯುವ ಅಂತರರಾಷ್ಟ್ರೀಯ ಕ್ವಿಲ್ಟ್ (ಕೌದಿ) ಉತ್ಸವಕ್ಕೆ ಒಮ್ಮೆಯಾದರೂ ಹೋಗಿ. ಅಲ್ಲಿ ‘ಲಾಗ್ ಕ್ಯಾಬಿನ್’ ವಿನ್ಯಾಸ ಹುಡುಕಿ. ನಡುವೆ ಪುಟ್ಟ ಚೌಕ, ಅದರ ಸುತ್ತ ಪಟ್ಟಿಗಳು, ಅರ್ಧ ತಿಳಿ ಬಣ್ಣ, ಅರ್ಧ ಗಾಢ. ಈ ಒಂದೇ ಚೌಕವನ್ನು ತಿರುಗಿಸಿ ತಿರುಗಿಸಿ ಜೋಡಿಸಿದರೆ ಒಮ್ಮೆ ಉಳುಮೆಯ ಸಾಲು, ಒಮ್ಮೆ ಒಂದರೊಳಗೊಂದು ವಜ್ರಾಕೃತಿ ಕಾಣುತ್ತದೆ. ತುಣುಕು ಬದಲಾಗಿಲ್ಲ, ನಡೆ ಬದಲಾಗಿದೆ.

ಇದರ ಪಕ್ಕದಲ್ಲಿ ಮನಸ್ಸಿನಲ್ಲಿ ಇಡಬೇಕಾದದ್ದು ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕವಂದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಈ ಕೌದಿಗೆ ಹಳೆ ಸೀರೆ, ಲುಂಗಿ, ಅಂಗಿಯ ತುಂಡುಗಳೇ ಸಾಮಗ್ರಿ. ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ ಅಂಚು ಹಿಡಿದು ಸುತ್ತುತ್ತ ನಡುವಿಗೆ ಬರುತ್ತದೆ. ಅಳತೆಪಟ್ಟಿ ಹಿಡಿದು ಕತ್ತರಿಸಿದ ಚೌಕಗಳಿಲ್ಲ. ಕೈಗೆ ಬಂದ ಬಣ್ಣಕ್ಕೆ ಪಕ್ಕದ ಬಣ್ಣ ಉತ್ತರ ಕೊಡುತ್ತದೆ. ಇಡೀ ಕವಂದಿಯನ್ನು ಬಿಗಿಹಿಡಿಯುವುದು ಓಡುಹೊಲಿಗೆಯ ಸಾಲು. ನಾಲ್ಕು ಮೂಲೆಗಳಲ್ಲಿ ಮಡಚಿ ಕೂರಿಸುವ ತ್ರಿಕೋನ ತುಂಡುಗಳಿಗೆ ‘ಫೂಲ’ ಎನ್ನುತ್ತಾರೆ. ಅವಿಲ್ಲದೆ ಕವಂದಿ ಮುಗಿಯುವುದಿಲ್ಲ. ಮೂಲೆಗೆ ಹೂವಿಟ್ಟು ಗೌರವಿಸುವ ಈ ಕಲೆಯಷ್ಟು ಚೆನ್ನಾಗಿ ನನ್ನ ಮಾತನ್ನು ಬೇರೆ ಯಾವುದೂ ಸಮರ್ಥಿಸುವುದಿಲ್ಲ.

ಗಾಜು, ಬೆಳಕು

ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಬ್ಲಾಂಟನ್ ಮ್ಯೂಸಿಯಂ ಆವರಣದಲ್ಲಿ ಕಲಾವಿದ ಎಲ್ಸ್‌ವರ್ತ್ ಕೆಲ್ಲಿಯ ‘ಆಸ್ಟಿನ್’ ಇದೆ. ಬಿಳಿ ಕಲ್ಲುಕಟ್ಟಡವೇ ಕಲಾಕೃತಿ. 2015ರಲ್ಲಿ ಕೆಲ್ಲಿ ತೀರಿಕೊಂಡರು, 2018ರಲ್ಲಿ ಇದು ಜನರಿಗೆ ತೆರೆಯಿತು. ಮೂರು ಗೋಡೆಗಳಲ್ಲಿ ಬಣ್ಣದ ಗಾಜು: ಒಂದರಲ್ಲಿ ಚೌಕಗಳು ಸಾಲಾಗಿ, ಇನ್ನೊಂದರಲ್ಲಿ ಉರುಳುತ್ತಿರುವಂತೆ ವೃತ್ತವಾಗಿ, ಮತ್ತೊಂದರಲ್ಲಿ ಪಟ್ಟಿಗಳು ಕಿರಣಗಳಾಗಿ. ಸರಿಯುವುದು, ತಿರುಗುವುದು, ಅರಳುವುದು: ನಮ್ಮ ಎರಡನೆಯ ಪ್ರಶ್ನೆಗೆ ಮೂರು ಉತ್ತರ ಒಂದೇ ಕೋಣೆಯಲ್ಲಿ. ಸಾಧ್ಯವಾದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಒಳಗೆ ಹೋಗಿ. ಗಾಜು ಅಲ್ಲೇ ಇರುತ್ತದೆ. ಗೋಡೆ, ನೆಲಗಳ ಮೇಲಿನ ಬಣ್ಣ ಸೂರ್ಯನ ಜೊತೆ ಸರಿದಿರುತ್ತದೆ.

ಡಲ್ಲಾಸ್ ಮ್ಯೂಸಿಯಂ ಆಫ್ ಆರ್ಟ್‌ಗೆ ಸಾಮಾನ್ಯ ಪ್ರವೇಶ ಉಚಿತ. 2014ರಲ್ಲಿ ದೀರ್ಘಾವಧಿಗೆ ಎರವಲು ಬಂದ ಕೇರ್ ಸಂಗ್ರಹದಿಂದಾಗಿ ಇಸ್ಲಾಮಿ ಕಲೆಗೆ ಅಲ್ಲಿ ಒಳ್ಳೆಯ ನೆಲೆ ಸಿಕ್ಕಿದೆ. ಆ ಪರಂಪರೆಯ ನಕ್ಷತ್ರ ಜಾಲಗಳು ಅನೇಕ ವೇಳೆ ಚೌಕಟ್ಟಿಗೆ ತಾಗಿದಲ್ಲಿ ನಕ್ಷತ್ರವನ್ನು ಅರ್ಧಕ್ಕೇ ಕತ್ತರಿಸುತ್ತವೆ. ಚೌಕಟ್ಟಿನಾಚೆಗೂ ವಿನ್ಯಾಸ ಮುಂದುವರಿದಿದೆ ಎಂದು ಕಣ್ಣು ನಂಬುತ್ತದೆ. ಕವಂದಿ ಮೂಲೆಯನ್ನು ಮುಗಿಸುತ್ತದೆ, ಈ ಜಾಲ ಮುಗಿಸಲು ಒಪ್ಪುವುದಿಲ್ಲ. ಎರಡೂ ಯೋಚಿಸಿ ಮಾಡಿದ ಆಯ್ಕೆಗಳು.

ಅಭ್ಯಾಸ

ಒಂದು ಭೇಟಿಗೆ ಒಂದೇ ಪಟ್ಟಿ, ಒಂದೇ ಕಂಬ, ಒಂದೇ ಕ್ವಿಲ್ಟ್ ಸಾಕು. ಮೊದಲು ಹತ್ತು ಹೆಜ್ಜೆ ದೂರದಿಂದ, ಆಮೇಲೆ ಸಾಧ್ಯವಾದಷ್ಟು ಹತ್ತಿರದಿಂದ ನೋಡಿ. ಫೋಟೋ ತೆಗೆಯುವ ಮೊದಲು ಚೌಕಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಆ ತುಣುಕನ್ನು ಬರೆಯಿರಿ, ಎರಡು ಸಲ ಮುಂದುವರಿಸಿ, ಒಂದು ಮೂಲೆ ತಿರುಗಿಸಲು ಪ್ರಯತ್ನಿಸಿ. ಕೈ ಸಿಕ್ಕಿಕೊಂಡ ಕೂಡಲೇ ತಲೆಯೆತ್ತಿ ಮೂಲವನ್ನು ನೋಡಿ. ಅದೇ ತೊಡಕನ್ನು ಇನ್ನೊಬ್ಬರು ಹೇಗೆ ಬಿಡಿಸಿದ್ದಾರೆ ಎಂಬುದು ಆಗ ತಿಳಿಯುತ್ತದೆ, ಆ ತಿಳಿವೇ ರಸಿಕತೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಚ್ಚು ರಂಗೋಲಿ, ಸ್ಟಿಕರ್‌ಗಳನ್ನು ಬದಿಗಿಟ್ಟು ಅವರ ಕೈಗೆ 37 ಚುಕ್ಕಿ ಕೊಡಿ. ಆ ಆರು ಮೂಲೆಗಳನ್ನು ತಾವಾಗಿ ದಾಟಿದ ಮಗುವಿಗೆ ಸ್ಟಾಫರ್ಡ್‌ನ ಗುಮ್ಮಟವನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.