ಮಳೆಯಲ್ಲೂ ಎತ್ತಬೇಕಾದ ರೆಕ್ಕೆ

ಮನೆಯಲ್ಲೇ ವಿಮಾನ ಕಟ್ಟುವವರಿಗೆ ವಿನ್ಯಾಸಕ ಬರ್ಟ್ ರುಟಾನರ ಲಾಂಗ್-ಈಜಿ ಮೇಲೆ ಅಪಾರ ಗೌರವ. ಅದು ಸಲ್ಲಬೇಕಾದದ್ದೇ. 1979ರಲ್ಲಿ ಮೊದಲು ಹಾರಿದ ಈ ಎರಡು ಸೀಟಿನ ವಿಮಾನಕ್ಕೆ ಎಂಜಿನ್ ಹಿಂದೆ, ಮೂತಿಯ ಬಳಿ ಕ್ಯಾನಾರ್ಡ್ ಎಂಬ ಪುಟ್ಟ ರೆಕ್ಕೆ. ನನ್ನ ತಕರಾರು ಆ ಕ್ಯಾನಾರ್ಡಿಗೆ ಮೊದಲು ಆರಿಸಿದ ಏರ್‌ಫಾಯಿಲ್ ಬಗ್ಗೆ, ಎಂದರೆ ರೆಕ್ಕೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರದ ಬಗ್ಗೆ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜಿಯು25 ಅದು. ಮೇಲ್ಮೈ ನುಣುಪಾಗಿದ್ದು ಗಾಳಿ ಪದರಪದರವಾಗಿ ಹರಿಯುವಷ್ಟು ಹೊತ್ತು ಚೆನ್ನಾಗಿ ಎತ್ತುತ್ತದೆ, ಎಳೆತವೂ ಕಡಿಮೆ. ಮಳೆ ಬಿತ್ತೋ, ಮುಂದಿನ ಅಂಚಿಗೆ ಹುಳುಗಳು ಬಡಿದು ಅಂಟಿದವೋ, ಆ ಹರಿವು ಕದಡಿ ಹಿಂಭಾಗದಲ್ಲಿ ರೆಕ್ಕೆಯನ್ನು ಬಿಟ್ಟು ಸರಿಯುತ್ತದೆ. ಕ್ಯಾನಾರ್ಡಿನ ಬಲ ಕುಗ್ಗಿ ಮೂತಿ ಬಾಗುತ್ತದೆ. ಪೈಲಟ್ ಸ್ಟಿಕ್ಕನ್ನು ಹಿಂದಕ್ಕೆಳೆದು ಹಿಡಿಯಬೇಕು. ಕ್ವಿಕಿ ಎಂಬ ಮತ್ತೊಂದು ಪುಟ್ಟ ವಿಮಾನದಲ್ಲಿ ಇದೇ ಆಕಾರದ ಮುಂದಿನ ರೆಕ್ಕೆ ಭಾರದ ದೊಡ್ಡ ಪಾಲನ್ನು ಹೊರುತ್ತಿದ್ದುದರಿಂದ ಅಲ್ಲಿ ಇದು ಇನ್ನೂ ಗಂಭೀರ.

ಹವ್ಯಾಸಿಯ ಕೈಗೆ ಇಂಥ ಆಕಾರ ಕೊಡುವುದು ಸರಿಯಲ್ಲ ಎಂದೇ ನನ್ನ ನಿಲುವು. ಆತ ಬಿಸಿ ತಂತಿಯಿಂದ ಫೋಮ್ ಕೊಯ್ದು, ಗಾಜುನಾರಿನ ಬಟ್ಟೆ ಹಾಸಿ, ಎಪಾಕ್ಸಿ ಬಳಿದು, ಉಪ್ಪುಕಾಗದದಲ್ಲಿ ಉಜ್ಜುತ್ತಾನೆ. ಎಷ್ಟು ಉಜ್ಜಿದರೂ ಆಕಾಶದ ಹುಳುಗಳನ್ನು ತಡೆಯಲಾರ. ಜಾನ್ ರಾಂಜ್ ಮುಂದೆ ರೂಪಿಸಿದ ಆರ್1145ಎಂಎಸ್ ಏರ್‌ಫಾಯಿಲ್ ಮಳೆಗೆ ಅಷ್ಟು ಅಂಜದು. ಲಾಂಗ್-ಈಜಿಗೆ ತಕ್ಕ ಆಯ್ಕೆ ಅದೇ.

ಹಾಗೆಂದು ಆಕಾರವೊಂದೇ ಎಲ್ಲವನ್ನೂ ನಿರ್ಧರಿಸದು. ಎನ್‌ಎಸಿಎ 23012 ಎಂಬ ಏರ್‌ಫಾಯಿಲ್‌ಗೆ ಥಟ್ಟನೆ ಸ್ಟಾಲ್ ಆಗುವ, ಎಂದರೆ ಹರಿವು ಕಳಚಿ ಎತ್ತುವ ಬಲ ಕುಸಿಯುವ, ಅಪಖ್ಯಾತಿಯಿದೆ. ಆದರೂ ಅದರದೇ ಕುಟುಂಬದ 23013.5 ಅನ್ನು ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ತಮ್ಮ ಹಲವು ಆರ್‌ವಿ ವಿಮಾನಗಳಿಗೆ ಬಳಸಿದರು. ಅವುಗಳ ರೆಕ್ಕೆ ಆಯತಾಕಾರದ್ದಾದ್ದರಿಂದ ಸ್ಟಾಲ್ ಬುಡದಲ್ಲಿ ಮೊದಲಾಗುತ್ತದೆ, ವಿಮಾನವನ್ನು ಅಕ್ಕಪಕ್ಕಕ್ಕೆ ವಾಲಿಸುವ ತುದಿಯ ಏಲೆರಾನ್‌ಗಳ ಹಿಡಿತ ಉಳಿಯುತ್ತದೆ.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ 1980ರ ದಶಕದಲ್ಲಿ ರುಸ್ತುಮ್ ದಮಾನಿಯಾ ಅವರ ನೇತೃತ್ವದಲ್ಲಿ ಲಾಂಗ್-ಈಜಿ ಮಾದರಿಯ ಲಘು ಕ್ಯಾನಾರ್ಡ್ ವಿಮಾನ ಕಟ್ಟಿತ್ತು. ಮುಂಗಾರಿನ ನಾಡಿನಲ್ಲಿ ಒದ್ದೆ ರೆಕ್ಕೆಯ ಪ್ರಶ್ನೆಯನ್ನು ಬದಿಗಿಡಲಾಗದು.

ಅಬಟ್ ಮತ್ತು ವಾನ್ ಡೊನ್‌ಹಾಫ್ 1949ರಲ್ಲಿ ತಂದ ಏರ್‌ಫಾಯಿಲ್ ಪುಸ್ತಕದಲ್ಲಿ ನುಣುಪು ಮೇಲ್ಮೈಯ ರೇಖೆಗಳ ಜೊತೆಗೆ ಮುಂದಂಚನ್ನು ಒರಟು ಮಾಡಿ ಅಳೆದ ರೇಖೆಗಳೂ ಇವೆ. ವಿಮಾನ ಕಟ್ಟಲು ಹೊರಟವರು ದಯವಿಟ್ಟು ಆ ಒರಟು ರೇಖೆಯನ್ನು ಮೊದಲು ನೋಡಿ.